ಸೊರಬದ ದಾರಿಯ ತುಂಬೆ

ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋದರೆ ತುಂಬೆ ಗಿಡ ಕಣ್ಣಿಗೆ ಬೀಳುವುದಿಲ್ಲ. ಕಾರ್ತಿಕದಲ್ಲಿ ತವರಿಗೆ ಹೊರಟಾಗ ನಮ್ಮವರ ಸ್ಕೂಟರ್ ಇತ್ತು. ದಾರಿಯಲ್ಲಿ ಬಳ್ಳಿಗಾವಿಗೆ ತಿರುಗಿ, 11ನೇ ಶತಮಾನದ ಕೇದಾರೇಶ್ವರ ದೇವಸ್ಥಾನ ನೋಡಿಕೊಂಡು ಬಂದೆವು. ಆ ಕಲ್ಲಿನ ಕೆಲಸ ನೋಡಿದಷ್ಟೂ ಸಾಲದು ಬಿಡಿ. ಹೊರಗೆ ಬೇಲಿಯುದ್ದಕ್ಕೂ ಬಿಳಿ ತುಂಬೆ ಅರಳಿತ್ತು, ಸುತ್ತ ಜೇನುಹುಳಗಳ ಗುಂಯ್ ಸದ್ದು.

ತುಂಬೆ ಶಿವನಿಗೆ ಪ್ರಿಯ ಅಂತ ನಮಗೆಲ್ಲ ಗೊತ್ತು. ನೆಗಡಿಯಾದರೆ ಸೊಪ್ಪು ಕುದಿಸಿ ಹಬೆ ತಗೊಳ್ಳುತ್ತೇವೆ. ತುಳಸಿ, ದೊಡ್ಡಪತ್ರೆಯ ಬಳಗದ್ದೇ ಇದೂ. ಚಿಕ್ಕಂದಿನಲ್ಲಿ ಹೂ ಕಿತ್ತು ಬುಡದ ಸಿಹಿ ಚೀಪಿದವರು ನಿಮ್ಮಲ್ಲೂ ಇದ್ದೀರಿ! ಆ ಸಿಹಿಗೇ ಹುಳಗಳೂ ಬರುವುದು. ಹತ್ತು ನಿಮಿಷ ನಿಂತು ನೋಡಿದೆ. ಹೂವಿಗೆ ಎರಡು ತುಟಿ. ಕೆಳಗಿನದು ಅಗಲ, ಬಂದವರಿಗೆ ಮಣೆ ಹಾಕಿಟ್ಟ ಹಾಗೆ. ಮೇಲಿನದು ರೋಮದ ಪುಟ್ಟ ಟೊಪ್ಪಿಗೆ, ಪರಾಗವೆಲ್ಲ ಅದರಡಿ. ಹುಳ ತಲೆ ತೂರಿಸಿದಾಗ ಪರಾಗ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುತ್ತದೆ. ತುಡುವೆ ಜೇನು, ಕೋಲುಜೇನು, ಚಿಟ್ಟೆ ಎಲ್ಲಕ್ಕೂ ಅಲ್ಲಿ ಊಟ.

ಶಿರಾಳಕೊಪ್ಪ ದಾಟಿದ ಮೇಲೆ ಕೆಲವು ಹೊಲದ ಬದುಗಳು ಸುಟ್ಟಂತೆ ಕಂದಾಗಿದ್ದವು. ಕಳೆನಾಶಕ ಹೊಡೆದಿದ್ದರು. ತವರಿನಲ್ಲೂ ಅದೇ ಕತೆ. ಕಳೆ ಕೀಳೋಕೆ ಆಳು ಸಿಗಲ್ಲ, ಸಿಕ್ಕರೂ ಕೂಲಿ ಪೂರೈಸಲ್ಲ ಅನ್ನೋದು ಅಣ್ಣನ ಕಷ್ಟ. ಅದೂ ಸುಳ್ಳಲ್ಲ.

ಅತ್ತಿಗೆ ಹಿತ್ತಿಲಿಗೆ ಕರೆದು ಸಿಹಿಗುಂಬಳದ ಬಳ್ಳಿ ತೋರಿಸಿದರು. "ನೋಡೇ, ಹೂವಿಗೇನೂ ಕಮ್ಮಿಯಿಲ್ಲ. ಮಿಡಿ ಮಾತ್ರ ಹಳದಿಯಾಗಿ ಉದುರುತ್ತೆ." ಕುಂಬಳಕ್ಕೆ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಡುವೆ ಜೇನು ಓಡಾಡದಿದ್ದರೆ ಕಾಯಿ ಕಚ್ಚದು. ಅತ್ತಿಗೆ ದಿನಾ ಬೆಳಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾವೇ ತಾಗಿಸುತ್ತಾರಂತೆ! ಜೇನು ಮಾಡೋ ಕೆಲಸವೂ ಹೆಂಗಸರ ತಲೆಗೇ ಬಂತು. ನಮ್ಮ ಬಳ್ಳಿ ಹೂ ಬಿಡದ ತಿಂಗಳಲ್ಲೂ ಜೇನಿಗೆ ಹೊಟ್ಟೆಯಿದೆಯಲ್ಲ? ಮಳೆ ಹಿಂದೆ ಸರಿದ ಮೇಲೆ ಬದುವಿನ ತುಂಬೆಯೇ ಅದಕ್ಕೆ ದಾರಿಖರ್ಚು.

ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿಯೇಬಿಟ್ಟೆ, "ಎಲ್ಲ ಬದುವಿಗೂ ಔಷಧಿ ಹೊಡೀಬೇಡ. ಕೊಟ್ಟಿಗೆ ಹಿಂದಿನದೊಂದು ಬಿಡು. ಬೀಜ ಒಣಗಿದ ಮೇಲೆ ಕತ್ತಿಯಲ್ಲಿ ಸವರಿದರಾಯ್ತು."

"ಕಳೆಗೂ ವಕೀಲಿ ಮಾಡೋಕೆ ಬಂದ್ಯಾ?" ಅಂತ ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. "ಆ ಬದು ಇನ್ನು ನನ್ನ ಲೆಕ್ಕಕ್ಕೆ ಬಿಡಿ," ಅಂದರು.

ಹಿತ್ತಿಲಲ್ಲಿ ಬೆಳೆಸೋದೂ ಕಷ್ಟವಿಲ್ಲ. ಒಣಗಿದ ಹೂಗೊಂಡೆ ಅಂಗೈಯಲ್ಲಿ ಉಜ್ಜಿ ಮಣ್ಣಿನ ಮೇಲೆ ಉದುರಿಸಿ. ಮುಂದಿನ ಮಳೆಗೆ ತಾನಾಗಿ ಏಳುತ್ತದೆ. ಎಳೆ ಕುಡಿ ನಿಮ್ಮ ತಂಬುಳಿಗೆ, ಹೂ ಜೇನಿಗೆ.