ಸಾವಿರ ವ್ಯಾಟಿನ ಪೆಟ್ಟಿಗೆ

ಮದುವೆ ಮಾತುಕತೆಯಲ್ಲಿ ಹುಡುಗನ ಸಂಬಳ ಇಷ್ಟು ಎಂದರೆ, "ಕೈಗೆ ಬರುವುದೆಷ್ಟು?" ಎಂದು ಹಿರಿಯರು ಮತ್ತೊಮ್ಮೆ ಕೇಳುತ್ತಾರೆ. ಹೋಂ ಥಿಯೇಟರ್ ಕೊಳ್ಳುವಾಗ ಮಾತ್ರ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ನಮ್ಮ ಪಕ್ಕದ ಮನೆಯವರು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಮಗನ ಒತ್ತಾಯಕ್ಕೆ ಬ್ಯಾಂಕಿನ ಠೇವಣಿಯೊಂದನ್ನು ಮುರಿಸಿ ಇಂಥದೊಂದು ಸೆಟ್ಟು ತಂದರು. ರಟ್ಟಿನ ಪೆಟ್ಟಿಗೆಯ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ '1000 ವ್ಯಾಟ್'. ಅವರ ಮೊಮ್ಮಗಳು ನನ್ನ ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಸೆಟ್ಟಿನ ಹಿಂಬದಿಯ ಚೀಟಿ ಓದಿಕೊಂಡು ಓಡಿ ಬಂದಳು.

"ಸಾರ್, ಒಳಕ್ಕೆ ಹೋಗೋದು 110 ವ್ಯಾಟ್ ಅಂತ ಬರೆದಿದೆ. ಹೊರಕ್ಕೆ 1000 ಹೇಗೆ ಬರುತ್ತೆ? ಹಾಗಾದ್ರೆ ಪಾಠದಲ್ಲಿರೋದು ತಪ್ಪಾ?"

ಶಕ್ತಿಯನ್ನು ಸೃಷ್ಟಿಸಲಾಗದು ಎಂದು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ರಟ್ಟಿನ ಡಬ್ಬಿಯೊಂದರ ಮುಂದೆ ಅದನ್ನು ಬಿಟ್ಟುಕೊಡುವುದುಂಟೆ? ಆದರೆ ಹಿಂಬದಿಯ ಚೀಟಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಆಂಪ್ಲಿಫೈಯರುಗಳ ಮೇಲಿನ ಆ ಅಂಕಿಯನ್ನು ಎಷ್ಟೋ ವೇಳೆ ಪೂರ್ಣ ಸಾಮರ್ಥ್ಯದ ಎಂಟನೆಯ ಒಂದು ಭಾಗದಲ್ಲಿ ಅಳೆದಿರುತ್ತಾರೆ. ಹಾಗಾಗಿ ವಿದ್ಯುತ್ ಮೀಟರನ್ನೇ ಕೇಳೋಣ ಎಂದೆ.

ಮನೆಯ ದೀಪಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಸೆಟ್ಟೊಂದನ್ನೇ ಹಚ್ಚಿದೆವು. ಮೀಟರಿನ ಕೆಂಪು ದೀಪ ಯೂನಿಟ್ಟಿಗೆ 3200 ಸಲ ಮಿನುಗುತ್ತದೆಂದು ಅದರ ಮೇಲೇ ಅಚ್ಚಾಗಿತ್ತು. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಒಂದು ಮಿನುಗಿಗೆ 1125 ಜೌಲ್. ಸಾಧಾರಣ ದನಿಯಲ್ಲಿ ಹಾಡು ಹಾಕಿದಾಗ 45 ಸೆಕೆಂಡಿಗೊಂದು ಮಿನುಗು, ಅಂದರೆ 25 ವ್ಯಾಟ್. ಕಿಟಕಿ ಗಾಜು ಗಡಗಡ ಎನ್ನುವಷ್ಟು ಏರಿಸಿದಾಗ 15 ಸೆಕೆಂಡು, 75 ವ್ಯಾಟ್. ಹಾಡಿಗೆ ಏರಿಳಿತ ಇರುತ್ತದಲ್ಲ, ಅದಕ್ಕೇ ಒಂದೇ ಸಮನೆ ಮೊಳಗುವ ಸ್ವರವನ್ನು ಅರೆ ನಿಮಿಷ ನುಡಿಸಿ ನೋಡಿದೆವು. ಬೀದಿ ನಾಯಿಗಳೆಲ್ಲ ಗೇಟಿಗೆ ಬಂದವು. ಮಿನುಗು 9 ಸೆಕೆಂಡಿಗೆ ಇಳಿಯಿತು: 125 ವ್ಯಾಟ್. ಅದರಲ್ಲೂ ಒಂದು ಪಾಲು ಬರೀ ಶಾಖ.

ಹಿರಿಯರು ಲೆಕ್ಕದ ಹಾಳೆಯನ್ನು ಬಹಳ ಹೊತ್ತು ನೋಡಿದರು. "ಮೇಷ್ಟ್ರೇ, ನಾನು ಹೀಗೆ ಟಿಕೆಟ್ ಹರಿದಿದ್ದರೆ ಸಸ್ಪೆಂಡ್ ಮಾಡಿಬಿಡುತ್ತಿದ್ದರು" ಎಂದರು.

1000 ಎಲ್ಲಿಂದ ಬಂತು? ಅಗ್ಗದ ಸೆಟ್ಟುಗಳಲ್ಲಿ ಅದು 'ಪಿಎಂಪಿಓ' ಎಂಬ ಮಾಯೆ. ಕಣ್ಣೆವೆ ಇಕ್ಕುವುದರೊಳಗೆ ಮುಗಿದುಹೋಗುವ ಗರಿಷ್ಠವನ್ನು ತಮಗೆ ಬೇಕಾದಂತೆ ಗುಣಿಸಿ ಬರೆಯುವುದು. ಇದನ್ನು ಅಳೆಯಲು ಸರ್ವಸಮ್ಮತ ವಿಧಾನವೇ ಇಲ್ಲ. ಕೈಗೆ ಬರುವ ಸಂಬಳ ಬೇಕಿದ್ದರೆ 'ಆರ್‌ಎಂಎಸ್' ಎಂದು ಬರೆದಿರುವ ಅಂಕಿಯನ್ನು ಹುಡುಕಬೇಕು.

ದುಬಾರಿ ರಿಸೀವರುಗಳು ಇಷ್ಟು ನಾಚಿಕೆಗೆಟ್ಟಿಲ್ಲ. ಆದರೆ 'ಏಳು ಚಾನೆಲ್, ತಲಾ 100 ವ್ಯಾಟ್' ಎಂಬುದರ ಕೆಳಗಿನ ಇರುವೆಯಂಥ ಅಕ್ಷರಗಳನ್ನು ಓದಿ. ಒಂದೋ ಎರಡೋ ಚಾನೆಲ್ ಮಾತ್ರ ನುಡಿಸಿ, 8ರ ಬದಲು 6 ಓಮ್ ಹೊರೆಗೆ, 1000 ಹರ್ಟ್ಸ್‌ನ ಒಂದೇ ಸ್ವರಕ್ಕೆ, ಕೆಲವೊಮ್ಮೆ ಶೇಕಡಾ 10ರಷ್ಟು ವಿರೂಪವನ್ನೂ ಒಪ್ಪಿಕೊಂಡು ಅಳೆದದ್ದಿರುತ್ತದೆ. ಅಷ್ಟು ವಿರೂಪದಲ್ಲಿ ವೀಣೆ ಕೇಳುವುದಕ್ಕಿಂತ ಮಿಕ್ಸಿ ಕೇಳಬಹುದು. ಏಳೂ ಚಾನೆಲ್ಲುಗಳನ್ನು ಒಟ್ಟಿಗೆ ದುಡಿಸಿದರೆ ಒಳಗಿನ ಒಂದೇ ಟ್ರಾನ್ಸ್‌ಫಾರ್ಮರ್ ಏದುಸಿರು ಬಿಡುತ್ತದೆ. ತಲಾ 100 ಇದ್ದದ್ದು ಅರ್ಧಕ್ಕೂ ಇಳಿಯುವುದುಂಟು. ಅಮೆರಿಕದಲ್ಲಿ ಈ ಗೊಂದಲಕ್ಕೆ 1974ರಲ್ಲೇ ನಿಯಮ ಮಾಡಿದ್ದರು. ತಯಾರಕರು ನುಸುಳುದಾರಿ ಹಿಡಿದದ್ದರಿಂದ 2024ರಲ್ಲಿ ಅದನ್ನು ಮತ್ತೆ ಬಿಗಿ ಮಾಡಿ, 8 ಓಮ್ ಹೊರೆಗೆ, 20ರಿಂದ 20,000 ಹರ್ಟ್ಸ್‌ವರೆಗೂ ಅಳೆಯಬೇಕೆಂದು ಗೊತ್ತುಪಡಿಸಿದರು.

ಸಮಾಧಾನದ ಸಂಗತಿಯೂ ಇದೆ. ನಮ್ಮ ಕಿವಿ ವ್ಯಾಟುಗಳನ್ನು ಎಣಿಸುವುದಿಲ್ಲ. 80 ವ್ಯಾಟಿಗೂ 100ಕ್ಕೂ ಒಂದು ಡೆಸಿಬೆಲ್ಲಿನಷ್ಟೂ ಅಂತರವಿಲ್ಲ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನಡುಮನೆಯಲ್ಲಿ ವಾರ್ತೆ, ಹಾಡು ಕೇಳಲು ಸ್ಪೀಕರಿಗೆ ಒಂದು ವ್ಯಾಟ್ ಧಾರಾಳ. ಸಿನಿಮಾದಲ್ಲಿ ಬಾಂಬು ಸಿಡಿದು 20 ಡೆಸಿಬೆಲ್ ಏರಿದಾಗ ಮಾತ್ರ ಆ ಕ್ಷಣಕ್ಕೆ ನೂರು ಬೇಕಾದೀತು.

ಆದ್ದರಿಂದ ಅಂಗಡಿಯವನನ್ನು ಎಷ್ಟು ವ್ಯಾಟ್ ಎಂದು ಕೇಳುವ ಬದಲು, ಎಷ್ಟು ಓಮಿಗೆ, ಎಷ್ಟು ಚಾನೆಲ್ ಒಟ್ಟಿಗೆ ನುಡಿಸಿ ಅಳೆದದ್ದು ಎಂದು ಕೇಳಿ. ಕೊಂಡ ಮೇಲೆ ರಟ್ಟಿನ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಿರಿ. ನಾಳೆ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕಾಗಿ ಬಂದರೆ ಬೇಕಾಗುತ್ತದೆ. ಬಿಲ್ಲಿನಲ್ಲಿ ಸಾಮಾನ್ಯವಾಗಿ ವ್ಯಾಟಿನ ಸುದ್ದಿಯೇ ಇರುವುದಿಲ್ಲ.