ಅರಿಶಿನದ ಎಲೆ

ನಮ್ಮ ಹಬ್ಬಗಳಲ್ಲಿ ಬಹುಪಾಲು ದೇವರಿಗಾಗಿ ಏರ್ಪಟ್ಟವು. ಒಡಹುಟ್ಟಿದವರಿಗೆಂದು ಮೀಸಲಾದವು ಕೆಲವೇ. ಉತ್ತರದವರಿಗೆ ಶ್ರಾವಣದ ಹುಣ್ಣಿಮೆಯ ರಕ್ಷಾಬಂಧನವುಂಟು. ಯಮನು ತಂಗಿಯಾದ ಯಮುನೆಯ ಮನೆಯಲ್ಲಿ ಉಂಡನೆಂದು ಹೇಳುವ ಕಾರ್ತಿಕದ ಯಮದ್ವಿತೀಯೆಯುಂಟು. ಕನ್ನಡ ನಾಡಿನಲ್ಲಿ ಈ ಗೌರವ ನಾಗರ ಪಂಚಮಿಗೆ ಸಲ್ಲುತ್ತದೆ. ಅಂದು ನಾಗನಿಗೆ ತನಿ ಎರೆದ ಹೆಣ್ಣುಮಗಳು ಅಣ್ಣತಮ್ಮಂದಿರ ಬೆನ್ನಿಗೂ ಹಾಲು ತುಪ್ಪ ಸವರಿ ಅವರ ಆಯುಸ್ಸನ್ನು ಬೇಡುತ್ತಾಳೆ. ಉತ್ತರ ಕರ್ನಾಟಕದಲ್ಲಂತೂ ಅಣ್ಣನು ಹೋಗಿ ತಂಗಿಯನ್ನು ತವರಿಗೆ ಕರೆತರುವುದು, ಉಂಡೆ ಕಟ್ಟುವುದು, ಜೋಕಾಲಿ ಜೀಕುವುದು ಪಂಚಮಿಯ ಜೀವಾಳವೇ ಆಗಿದೆ.

ಇದನ್ನೆಲ್ಲ ನಾನು ಅರಿತದ್ದು ಪುಸ್ತಕಗಳಿಂದ. ನಾನು ಹುಟ್ಟಿ ಬೆಳೆದದ್ದು ತೇನಿಗೆ ಸೇರಿದ ಕಂಬಂ ಕಣಿವೆಯಲ್ಲಿ. ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ನೆಲೆಸಿದ ಒಕ್ಕಲು ಮನೆತನಗಳು ಇಲ್ಲಿ ಹಲವಾರಿವೆ. ತಮಿಳರು ಇವರನ್ನು ಕಾಪ್ಪಿಲಿಯರ್ ಎನ್ನುತ್ತಾರೆ. 1906ರಲ್ಲಿ ಫ್ರಾನ್ಸಿಸ್ ಎಂಬ ಅಧಿಕಾರಿ ಬರೆದ ಮಧುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಇವರ ವಿಷಯವಿದೆ. ಕಂಬಂನಲ್ಲಿ ಇವರು ಭಕ್ತಿಯಿಂದ ಸಾಕಿಕೊಂಡು ಬಂದ ದನಗಳ ಹಿಂಡಿನ ವರ್ಣನೆಯೂ ಇದೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ಕನ್ನಡದಲ್ಲಿ ‘ದೇವರ ಆವು’. ‘ಆವು’ ಎಂಬ ಹಳೆಯ ನುಡಿ ಹಳಗನ್ನಡ ಕಾವ್ಯಗಳ ಹೊರಗೂ ಹೀಗೆ ದನದ ದೊಡ್ಡಿಯಲ್ಲಿ ಉಳಿದುಬಂದಿತೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮನೆಯ ಮಾತು ಕನ್ನಡ, ಶಾಲೆಯ ಓದು ತಮಿಳು. ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ದಿಂಡಿಗಲ್ಲಿನಲ್ಲಿ ಶಿಕ್ಷಕರ ತರಬೇತಿಗೆ ಸೇರಿದ ಕಾಲದಲ್ಲಿ, ನನ್ನಷ್ಟಕ್ಕೆ.

ನಮ್ಮ ಕಡೆ ಒಡಹುಟ್ಟಿದವರ ಹಬ್ಬವೆಂದರೆ ಪೊಂಗಲ್. ಇಲ್ಲಿ ಸೋದರಿಯು ತವರಿಗೆ ಬರುವುದಕ್ಕಿಂತ ತವರೇ ಅವಳಲ್ಲಿಗೆ ಹೋಗುತ್ತದೆ ಎನ್ನಬಹುದು. ಹಬ್ಬಕ್ಕೆ ಮುನ್ನ ಹೊಸ ಮಡಕೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು, ಕಬ್ಬು, ಗೆಡ್ಡೆಸಹಿತವಾದ ಅರಿಶಿನದ ಹಸಿ ಗಿಡ ಇವನ್ನು ಹೊತ್ತು ಅವಳ ಬಾಗಿಲಿಗೆ ಹೋಗಬೇಕು. ಇದಕ್ಕೆ ಸೀರು ಎಂದು ಹೆಸರು. ಆ ಅರಿಶಿನದ ಗಿಡವನ್ನು ಪೊಂಗಲ್ ಮಡಕೆಯ ಕೊರಳಿಗೆ ಕಟ್ಟುತ್ತಾರೆ.

ನನ್ನ ಅಕ್ಕನನ್ನು ಕೊಟ್ಟದ್ದು ಕಂಬಂಗೆ. ತಂದೆ ತೀರಿಕೊಂಡ ಮೇಲೆ ಸೀರಿನ ಹೊಣೆ ನನ್ನದಾಯಿತು. ಪ್ರತಿ ವರ್ಷವೂ ತೇನಿಯಲ್ಲಿ ಬಸ್ಸು ಹತ್ತಿ, ವೀರಪಾಂಡಿ, ಚಿನ್ನಮನೂರು, ಉತ್ತಮಪಾಳೆಯಗಳನ್ನು ದಾಟಿ, ಕಬ್ಬಿನ ಜಲ್ಲೆಗಳ ವಿಷಯವಾಗಿ ಕಂಡಕ್ಟರರೊಡನೆ ವಾದಿಸುತ್ತ ಹೋಗಿಬರುತ್ತಿದ್ದೆ.

ಹೀಗಿರಲು, ಐದು ವರ್ಷಗಳ ಕೆಳಗೆ ಅಕ್ಕ ತನ್ನ ಮಗಳನ್ನು ನನಗೆ ಕೊಡುವ ಮಾತೆತ್ತಿದಳು. ಅಕ್ಕನ ಮಗಳನ್ನು ವರಿಸುವುದು ದಕ್ಷಿಣ ದೇಶದಲ್ಲಿ ಹೊಸತೇನಲ್ಲ. 1955ರ ಹಿಂದೂ ವಿವಾಹ ಕಾಯಿದೆಯೂ ರೂಢಿಯುಳ್ಳವರಿಗೆ ಅಡ್ಡಿಮಾಡಿಲ್ಲ. ಆದರೆ ಆ ಹುಡುಗಿಗೆ ಆಗ ಹದಿನೆಂಟು ವರ್ಷ, ಓದಬೇಕೆಂಬ ಆಸೆ. ಅವಳು ಐದು ವರ್ಷದ ಮಗುವಾಗಿದ್ದಾಗ ತರಬೇತಿಯ ರಜೆಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನು ಆಗಷ್ಟೇ ಕಲಿತಿದ್ದ ‘ಅ ಆ’ಗಳನ್ನು ಅವಳ ಕೈಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವನು ನಾನು. ಆ ಕೈಯನ್ನು ಇನ್ನೊಂದು ರೀತಿಯಲ್ಲಿ ಹಿಡಿಯಲು ನನ್ನ ಮನಸ್ಸು ಒಪ್ಪಲಿಲ್ಲ. ಆಗುವುದಿಲ್ಲವೆಂದೆ. ಇಲ್ಲವೆಂದುದು ತಪ್ಪಲ್ಲ, ಬಂಧುಗಳ ನಡುವೆ, ಪಾಠಶಾಲೆಯ ಗತ್ತಿನಲ್ಲಿ, ಅಕ್ಕನಿಗೆ ತಿಳಿವಳಿಕೆ ಸಾಲದೆಂಬಂತೆ ಉಪನ್ಯಾಸ ಮಾಡಿದ್ದು ತಪ್ಪು. ಅಕ್ಕ ಮರುಮಾತಾಡದೆ ಒಳಗೆ ಹೋದಳು. ಅದೇ ವರ್ಷ ಬೇರೆಡೆ ನನ್ನ ವಿವಾಹವಾಯಿತು. ಅವಳು ಬಂದಳು, ಊಟಕ್ಕೆ ನಿಲ್ಲದೆ ಹೊರಟುಹೋದಳು.

ಆಮೇಲೆ ನಾಲ್ಕು ಪೊಂಗಲ್‌ಗಳು ಕಳೆದವು. ನಾನೂ ಬಿಗುಮಾನದಿಂದ ಸೀರು ಒಯ್ಯಲಿಲ್ಲ. ಅದರ ಬೆಲೆಯನ್ನು ಲೆಕ್ಕಹಾಕಿ ಅವಳ ಬ್ಯಾಂಕಿನ ಖಾತೆಗೆ ಕಳುಹಿಸುತ್ತಿದ್ದೆ. ಕರ್ತವ್ಯ ಮುಗಿಯಿತೆಂಬ ಸಮಾಧಾನವೂ ಇತ್ತು!

ಕಳೆದ ಮಾರ್ಗಶಿರದಲ್ಲಿ ಆ ಹುಡುಗಿಯೇ ದೂರವಾಣಿಯಲ್ಲಿ ಮಾತಾಡಿದಳು. ಪದವಿ ಮುಗಿಸಿ, ಈಗ ಅವಳೂ ದಿಂಡಿಗಲ್ಲಿನಲ್ಲಿ ಶಿಕ್ಷಕ ತರಬೇತಿಗೆ ಸೇರಿದ್ದಾಳೆ. “ಮಾವ, ಅಮ್ಮ ಪ್ರತಿ ವರ್ಷವೂ ಕನು ಇಡುತ್ತಾಳೆ. ಮೊದಲನೆಯ ಉಂಡೆ ನಿನ್ನ ಹೆಸರಿಗೆ. ಈಗ ಅರಿಶಿನದ ಎಲೆಯನ್ನು ಮಾತ್ರ ಸಂತೆಯಿಂದ ತರುತ್ತಾಳೆ” ಎಂದಳು.

ಓದುಗರಲ್ಲಿ ಕೆಲವರಿಗೆ ಕನುವಿನ ಪರಿಚಯವಿರಲಾರದು. ಪೊಂಗಲ್‌ನ ಮರುದಿನ ಬೆಳಗ್ಗೆ ಹೆಂಗಸರು ಬಯಲಿನಲ್ಲೋ ಮಾಳಿಗೆಯ ಮೇಲೋ ಅರಿಶಿನದ ಎಲೆ ಹಾಸಿ, ಹಿಂದಿನ ದಿನದ ಅನ್ನವನ್ನು ಹಳದಿ, ಕೆಂಪು ಬಣ್ಣಗಳ ಸಣ್ಣ ಉಂಡೆ ಮಾಡಿ, ಕಬ್ಬಿನ ಚೂರುಗಳೊಡನೆ ಕಾಗೆಗಳಿಗೆ ಇಡುತ್ತಾರೆ. ಕಾಗೆಯ ಬಳಗದಂತೆ ತಮ್ಮ ಒಡಹುಟ್ಟಿದವರ ಕುಲವೂ ಒಟ್ಟಾಗಿ ಬಾಳಲೆಂದು ಹರಸುತ್ತಾರೆ. ಹೆಚ್ಚಾಗಿ ಇದು ತಮಿಳು ಬ್ರಾಹ್ಮಣರ ಮನೆಗಳ ಆಚಾರ. ಅಕ್ಕ ಅದನ್ನು ನೆರೆಮನೆಯ ಅಯ್ಯರ್ ಅಜ್ಜಿಯಿಂದ ಕಲಿತಿದ್ದಳು. ಆ ಎಲೆ ನಾನು ಒಯ್ದ ಗಿಡದ್ದೇ ಆಗಿರುತ್ತಿತ್ತು ಎಂಬುದು ಅಂದಿನವರೆಗೆ ನನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಈ ಸಲ ಭೋಗಿಯ ದಿನವೇ ಗಿಡ, ಕಬ್ಬು, ಮಡಕೆಗಳೊಡನೆ ಹೋದೆ. ಅಕ್ಕ ಹೊಸ್ತಿಲಲ್ಲಿ ನಿಂತು ನನ್ನನ್ನೊಮ್ಮೆ, ಹೊರೆಯನ್ನೊಮ್ಮೆ ನೋಡಿ, “ಒಳಗೆ ಬಾ, ಕೈಕಾಲು ತೊಳೆ” ಎಂದಳು, ನಿನ್ನೆಯಷ್ಟೇ ಕಂಡವಳಂತೆ. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಮರೆತುಹೋದವು.

ಕನುವಿನ ಬೆಳಗ್ಗೆ ಮಾಳಿಗೆಗೆ ನಾನೂ ಹತ್ತಿದೆ. ಅಕ್ಕ ಎಲೆ ಹಾಸಿ ಮೊದಲನೆಯ ಉಂಡೆಯನ್ನಿಟ್ಟಳು. ನಾನು ತಡೆಯಲಾರದೆ, “ನನ್ನ ಮೇಲೆ ಅಷ್ಟು ಸಿಟ್ಟಿದ್ದಾಗಲೂ ಇಡುತ್ತಿದ್ದೆಯಲ್ಲಾ, ಅಕ್ಕಾ!” ಎಂದೆ.

“ಮಾತು ಬಿಟ್ಟಿದ್ದೆನಪ್ಪ, ತಮ್ಮನನ್ನು ಬಿಟ್ಟಿದ್ದೆನೇ?” ಎಂದಳು. ಸ್ವಲ್ಪ ತಡೆದು, “ನೀನು ಕಳುಹಿಸಿದ ದುಡ್ಡು ಬ್ಯಾಂಕಿನಲ್ಲೇ ಇದೆ. ಹುಡುಗಿಯ ಪರೀಕ್ಷೆಯ ಶುಲ್ಕಕ್ಕೆ ಆದೀತು” ಎಂದಳು.

ಮಗಳ ಓದಿನ ವಿಷಯದಲ್ಲಿ ಅವಳಾಡಿದ್ದು ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಸೋದರ ಪ್ರೇಮವನ್ನು ಕುರಿತು ಮಕ್ಕಳಿಗೆ ಎಷ್ಟೋ ಪಾಠ ಹೇಳಿದ್ದೇನೆ. ಅಣ್ಣತಮ್ಮಂದಿರು ಕೊಡುವವರು, ಅಕ್ಕತಂಗಿಯರು ಪಡೆಯುವವರು ಎಂಬುದೇ ಆ ಪಾಠಗಳ ಧಾಟಿ. ನಾಲ್ಕು ವರ್ಷ ನಾನು ಕೊಡಬೇಕಾದುದನ್ನು ಕೊಡಲಿಲ್ಲ. ಅವಳು ಕೊಡುತ್ತಲೇ ಇದ್ದಳು, ನನಗೆ ತಿಳಿಯದಂತೆ. ಬರುವ ವರ್ಷ ಆ ಪಾಠವನ್ನು ಬೇರೆ ರೀತಿಯಲ್ಲಿ ಹೇಳಬೇಕೆಂದಿದ್ದೇನೆ.