ನಾಟಕ ಮಾಡಬ್ಯಾಡ!

ಮೊಣಕಾಲು ತರಚಿದ ಮಗು ಓಣಿಗೆಲ್ಲ ಕೇಳುವಂತೆ ಅತ್ತರೆ, ಬಾಗಲಕೋಟೆಯ ತಾಯಿ ಗದರಿಸುವುದು ಎರಡೇ ಮಾತಿನಲ್ಲಿ: “ನಾಟಕ ಮಾಡಬ್ಯಾಡ!” ಇಂಗ್ಲಿಷ್ ಕಲಿತ ಅಕ್ಕ ಅದೇ ತಂಗಿಯನ್ನು ‘ಡ್ರಾಮಾ ಕ್ವೀನ್’ ಎಂದು ಹಂಗಿಸುತ್ತಾಳೆ. ಮಾತು ಬೇರೆಯಾದರೂ ಆರೋಪವೊಂದೇ: ಕಡ್ಡಿಯನ್ನು ಗುಡ್ಡ ಮಾಡುವುದು.

ವಿನೋದವೆಂದರೆ, ನಾಟಕವನ್ನು ಹೀಗೆ ಬೈಗುಳವಾಗಿಸಿಕೊಂಡ ಸೀಮೆಯೇ ನಾಟಕಕ್ಕೆ ಮನಸೋತದ್ದು. ‘ರಕ್ತರಾತ್ರಿ’ಯನ್ನು ಬರೆದ ಕಂದಗಲ್ಲ ಹನುಮಂತರಾಯರು ಹುನಗುಂದ ಸೀಮೆಯವರು. ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆ ನೆರೆದರೆ ನಾಟಕ ಕಂಪನಿಗಳು ವಾರಗಟ್ಟಲೆ ಡೇರೆ ಹೂಡುತ್ತವೆ. ಇಳಕಲ್ಲ ಸೀರೆಯುಟ್ಟ ಹೆಂಗಸರು ನಿದ್ದೆಗೆಟ್ಟು ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ.

ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಪನಿಯ ನಟ ಮೆಲ್ಲನೆ ನಿಟ್ಟುಸಿರಿಟ್ಟರೆ ಸಾಲುತ್ತಿರಲಿಲ್ಲ. ಅವನ ಅಳಲು ಕಟ್ಟಕಡೆಯ ಸಾಲಿಗೂ ಮುಟ್ಟಬೇಕು. ಆದುದರಿಂದಲೇ ಆ ಏರುದನಿ, ಎದೆಯೆದೆ ಬಡಿದುಕೊಳ್ಳುವ ಆ ಆವೇಶ. ಅದು ಸುಳ್ಳಲ್ಲ, ದೂರವನ್ನು ದಾಟುವ ಉಪಾಯ.

ಮನೆಯೊಳಗಿನ ನಾಟಕದ ಗುಟ್ಟೂ ಹಲವು ಸಲ ಇದೇ. ತಲೆನೋವೆಂದು ಅಜ್ಜಿ ಮೆಲ್ಲನೆ ಹೇಳಿದಾಗ ಪತ್ರಿಕೆಯಿಂದ ಕಣ್ಣೆತ್ತದವರು, “ಸತ್ತೆನೋ!” ಎಂದಾಗ ಓಡಿಬರುತ್ತಾರೆ. ಮರುದಿನ ಆಕೆ ಎರಡನೆಯ ಮಾತನ್ನೇ ಮೊದಲು ಆಡಿದರೆ ತಪ್ಪು ಯಾರದು? ಸೋಗಲಾಡಿಗಳು ಇಲ್ಲವೆಂದಲ್ಲ. ಆದರೆ ನಿಜವಾದ ಎದೆನೋವನ್ನೂ ನಾಟಕವೆಂದು ತಳ್ಳಿಹಾಕಿ, ಆಮೇಲೆ ಮರುಗಿದ ಮನೆಗಳೂ ಉಂಟು. ಗದರಿಸುವ ಮೊದಲು, ತಾನು ಎಷ್ಟನೆಯ ಸಾಲಿನಲ್ಲಿ ಕುಳಿತಿದ್ದೇನೆಂದು ಪ್ರೇಕ್ಷಕನೂ ನೋಡಿಕೊಳ್ಳುವುದು ಲೇಸು.